ಗೋಡೆ ಕಡೆಯ ಬೆಂಚು

"ಇನ್ನೂ ಸ್ವಲ್ಪ ಎಳಿ. ಇನ್ನೂ," ಎಂದಳು ಪ್ರಮೀಳಾ.

ಬೆಂಚಿನ ಒಂದು ತುದಿ ಅವಳ ಕೈಯಲ್ಲಿತ್ತು, ಇನ್ನೊಂದು ಅಂಬ್ರೀನಳ ಕೈಯಲ್ಲಿ. ಸಿಮೆಂಟು ನೆಲದ ಮೇಲೆ ಕಿರುಗುಟ್ಟಿಕೊಂಡು ಹೋದ ಬೆಂಚು ಕರಿಹಲಗೆಯ ಪಕ್ಕದ ಗೋಡೆಗೆ ಮೂತಿ ತಾಗಿಸಿ ನಿಂತಿತು.

"ಈಗ ಗೋಡೆ ಕಡೆ ಮುಖ ಮಾಡ್ಕೊಂಡು ಕೂತ್ಕೋ."

ಅಂಬ್ರೀನ್ ಕೂತಳು. ಅವಳ ಮೂಗಿನಿಂದ ಗೇಣು ದೂರದಲ್ಲಿ ಸುಣ್ಣ ಏಳುತ್ತಿದ್ದ ಗೋಡೆ. ಎರಡನೇ ವರ್ಷದ ಬಿ.ಕಾಂ. ತರಗತಿ ಪೂರ್ತಿ ಪೆನ್ನಿನ ಕ್ಯಾಪು ಕಚ್ಚಿಕೊಂಡು ಅವಳ ಬೆನ್ನನ್ನೇ ನೋಡುತ್ತಿತ್ತು.

"ಮ್ಯಾಡಮ್, ಗೋಡೆ ಮೇಲೆ ಹಲ್ಲಿ ಐತೆ," ಎಂದಿತು ಹಿಂದಿನಿಂದ ಒಂದು ದನಿ. "ಅದೇನಾದ್ರೂ ಹೇಳ್ಕೊಟ್ಬುಟ್ರೆ?"

ತರಗತಿ ಗೊಳ್ಳೆಂದಿತು. ಪ್ರಮೀಳಾ ನಗಲಿಲ್ಲ. "ಹೇಳ್ಕೊಡೋಕೆ ಹಲ್ಲಿ ಬೇಕಾಗಿಲ್ಲ. ಈ ಕ್ಲಾಸಲ್ಲಿ ಮನುಷ್ಯರೇ ಇದಾರೆ," ಎಂದು ಕೊನೆಯ ಮೂಲೆಯ ಕಡೆ ನೋಡಿದಳು. ಅಲ್ಲಿ ಲಕ್ಷ್ಮೀಕಾಂತ್ ಒಬ್ಬನೇ ಕೂತಿದ್ದ. ಅವನ ಅಕ್ಕಪಕ್ಕದವರನ್ನು ಅವಳು ಆಗಲೇ ಎಬ್ಬಿಸಿ ಬೇರೆ ಕಡೆ ಕಳಿಸಿದ್ದಳು. ಅವನಿಗೂ ಗೋಡೆ ಕಡೆಯ ಹುಡುಗಿಗೂ ನಡುವೆ ಈಗ ಇಡೀ ಕೋಣೆಯಿತ್ತು.

ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಬರೆದಳು. ಮೂರನೆಯದು ಬೇಕೆಂದೇ ಹಾಕಿದ ತೆಂಗಿನಕಾಯಿ ಲೆಕ್ಕ.

ಹಿಂದಿನ ತಿಂಗಳ ಟೆಸ್ಟಿನಲ್ಲೂ ಒಂದು ತೆಂಗಿನಕಾಯಿ ಲೆಕ್ಕವಿತ್ತು. ಪುಸ್ತಕದಲ್ಲಿದ್ದದ್ದು ಪೆನ್ನುಗಳು. ಆದರೆ ತುಮಕೂರಿನಲ್ಲಿ ಬಿಸಿನೆಸ್ ಮ್ಯಾಥಮ್ಯಾಟಿಕ್ಸ್ ಓದುವ ಮಕ್ಕಳಿಗೆ ಪೆನ್ನಿಗಿಂತ ತೆಂಗಿನಕಾಯಿ ಹತ್ತಿರ ಎಂದುಕೊಂಡು ಪ್ರಮೀಳಾ ತಾನೇ ಬದಲಾಯಿಸಿದ್ದಳು. ಒಬ್ಬ ವ್ಯಾಪಾರಿ ನೂರಕ್ಕೆ ನಾನೂರು ರೂಪಾಯಿಯಂತೆ ಸಾವಿರ ಕಾಯಿ ಕೊಂಡು ಒಂದಕ್ಕೆ ಐದು ರೂಪಾಯಿಯಂತೆ ಎಲ್ಲವನ್ನೂ ಮಾರಿದರೆ ಲಾಭ ಶೇಕಡ ಎಷ್ಟು? ನಾಲ್ಕು ಸಾವಿರ ಹಾಕಿದ, ಐದು ಸಾವಿರ ಬಂತು, ಶೇಕಡ ಇಪ್ಪತ್ತೈದು. ಹೈಸ್ಕೂಲಿನ ಮಕ್ಕಳೂ ಮಾಡುವಂಥದ್ದು. ಅಂಬ್ರೀನ್ ಶೇಕಡ ಮೂವತ್ತು ಎಂದು ಬರೆದಿದ್ದಳು. ಲಕ್ಷ್ಮೀಕಾಂತನೂ ಮೂವತ್ತು ಎಂದೇ ಬರೆದಿದ್ದ. ಮಾರಿದ ಹಣ ಐದು ಸಾವಿರದ ಇನ್ನೂರು ಎಂದು ಇಬ್ಬರ ಹಾಳೆಯಲ್ಲೂ ಇತ್ತು. ಆ ಇನ್ನೂರು ಎಲ್ಲಿಂದ ಬಂತು ಎಂದು ಇಬ್ಬರೂ ತೋರಿಸಿರಲಿಲ್ಲ.

ಸರಿಯುತ್ತರ ಒಂದೇ ಇರುತ್ತದೆ, ಅದು ನೂರು ಜನರಿಗೆ ಬಂದರೂ ಯಾರೂ ಹುಬ್ಬೇರಿಸಬೇಕಾಗಿಲ್ಲ. ತಪ್ಪುತ್ತರಗಳಿಗೆ ಕೊನೆಯಿಲ್ಲ. ಕೊನೆಯಿಲ್ಲದ ತಪ್ಪುಗಳ ರಾಶಿಯಿಂದ ಇಬ್ಬರು ಬೇರೆ ಬೇರೆ ಕೈ ಹಾಕಿ ಒಂದೇ ತಪ್ಪನ್ನು ಎತ್ತಿಕೊಳ್ಳುವುದುಂಟೇ? ಸಂಭವನೀಯತೆಯನ್ನು ಇದೇ ಮಕ್ಕಳಿಗೆ ಪಾಠ ಮಾಡಿದವಳು ಅವಳು. ಅವಳಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಅವತ್ತೇ ಇಬ್ಬರನ್ನೂ ತರಗತಿಯ ಮುಂದೆ ನಿಲ್ಲಿಸಿ, ಹಾಳೆ ಕೊಡದೆ, ಯಾವ ಲೆಕ್ಕವೆಂದೂ ಹೇಳದೆ, ಯಾರು ಯಾರನ್ನು ನೋಡಿ ಬರೆದಿರಿ ಎಂದು ಕೇಳಿದ್ದಳು. ಯಾರೂ ನೋಡಿಲ್ಲ ಎಂದರು. ಹುಡುಗ ನೆಲ ನೋಡುತ್ತ ಹೇಳಿದ, ಹುಡುಗಿ ಅವಳ ಕಣ್ಣನ್ನೇ ನೋಡುತ್ತ ಹೇಳಿದಳು. ಪ್ರಮೀಳಾಗೆ ಎರಡೂ ಅನುಮಾನಕ್ಕೆ ಎಡೆಯೇ.

ಈಗ ಟೆಸ್ಟು ನಡೆಯುವಷ್ಟು ಹೊತ್ತೂ ಅವಳು ಕುರ್ಚಿಯ ಮೇಲೆ ಕೂರಲಿಲ್ಲ. ಲಕ್ಷ್ಮೀಕಾಂತ್ ಕೆಮ್ಮಿದ. ಕೆಮ್ಮಿದ್ದೇಕೆ? ಗೋಡೆ ಕಡೆಯಿಂದ ಬಳೆಯ ಸದ್ದು ಬಂತು. ಕೆಮ್ಮಿಗೆ ಉತ್ತರವೇ? ಅವಳು ಹೋಗಿ ಬಳೆ ತೆಗೆದಿಡು ಎಂದಳು. ಅಂಬ್ರೀನ್ ಎರಡು ಬಳೆ ತೆಗೆದು ಬೆಂಚಿನ ಮೇಲಿಟ್ಟಳು. ಹುಡುಗ ಮತ್ತೆ ಕೆಮ್ಮಿದ. ಈ ಸಲ ಯಾವ ಸದ್ದೂ ಬರಲಿಲ್ಲ. ಅದು ಇನ್ನೂ ಕೆಟ್ಟದೆನಿಸಿತು.

ಸ್ಟಾಫ್ ರೂಮಿನಲ್ಲಿ ಹಾಳೆ ತಿದ್ದಿದಾಗ ಮೂರನೇ ಲೆಕ್ಕಕ್ಕೆ ಇಬ್ಬರದೂ ಮತ್ತೆ ಒಂದೇ ಉತ್ತರ, ಒಂದೇ ತಪ್ಪು. ಉಳಿದ ಲೆಕ್ಕಗಳಲ್ಲಿ ಹೋಲಿಕೆಯೇ ಇರಲಿಲ್ಲ. ಚಕ್ರಬಡ್ಡಿಯದು ಅಂಬ್ರೀನ್ ಅಚ್ಚುಕಟ್ಟಾಗಿ ಮಾಡಿದ್ದಳು, ಹುಡುಗ ಖಾಲಿ ಬಿಟ್ಟಿದ್ದ. ಪ್ರಮೀಳಾ ಅದನ್ನೂ ನೋಡಿದಳು. ಬುದ್ಧಿವಂತ ಕಳ್ಳರು ಎಲ್ಲವನ್ನೂ ಕದಿಯುವುದಿಲ್ಲ ಎಂದುಕೊಂಡಳು.

"ಲವ್ ಕೇಸಾ ಇದು?" ಎಂದರು ವಿಭಾಗದ ಮುಖ್ಯಸ್ಥರಾದ ಶಿವರಾಮಯ್ಯ, ನಶ್ಯದ ಡಬ್ಬಿ ತೆರೆಯುತ್ತ. ರಿಟೈರ್‌ಮೆಂಟು ಹತ್ತಿರವಿದ್ದ ಅವರಿಗೆ ಕಾಲೇಜಿನಲ್ಲಿ ಉಳಿದಿದ್ದ ಒಂದೇ ಆಸಕ್ತಿ ಇಂಥದ್ದು. "ಹುಡ್ಗ ನಿಟ್ಟೂರು ಕಡೆಯೋನು, ಹುಡ್ಗಿ ಗುಬ್ಬಿ ಸಾಬರ ಮಗಳು. ಒಂದೇ ಬಸ್ಸು. ನಂಗೆ ಮೊದ್ಲಿಂದ್ಲೂ ಅನುಮಾನ ಕಣಮ್ಮ."

"ಲವ್ ಗಿವ್ ನಂಗೆ ಗೊತ್ತಿಲ್ಲ ಸಾರ್. ಕಾಪಿ ಅಂತೂ ಹೌದು."

"ಸೋಮವಾರ ಅವ್ಳಪ್ಪನ್ನ ಕರೆಸ್ತೀನಿ. ಎಲ್ಲ ಈಚೆಗೆ ಬರ್ತದೆ."

ಶಿವರಾಮಯ್ಯ ಈಚೆಗೆ ತೆಗೆಯುವುದು ಏನೆಂದು ಪ್ರಮೀಳಾಗೆ ಗೊತ್ತಿತ್ತು. ಕುಣಿಗಲ್ಲಿನಿಂದ ಬಂದು ಬಾಡಿಗೆ ರೂಮಿನಲ್ಲಿದ್ದ ಅವಳು ಪಾರ್ಟ್‌ಟೈಮ್ ಲೆಕ್ಚರರು. ಮುಂದಿನ ವರ್ಷ ಅವಳನ್ನು ಇಟ್ಟುಕೊಳ್ಳುವುದೂ ಬಿಡುವುದೂ ಅವರ ಕೈಯಲ್ಲಿತ್ತು. ಆದರೂ ಕಾಪಿಯ ವಿಚಾರ ಕಾಪಿಯಲ್ಲೇ ಮುಗಿಯಲಿ ಎಂದು ಅವಳಿಗಿತ್ತು. "ಬೇಡಿ ಸಾರ್. ಶನಿವಾರ ನಾನೇ ಹೋಗಿ ಹೇಳಿ ಬರ್ತೀನಿ," ಎಂದಳು.

ಬಾಗಿಲಾಚೆ ಅಂಬ್ರೀನ್ ನಿಂತಿದ್ದಳು. ಕೇಳಿಸಿಕೊಂಡಿರಬೇಕು.

"ಮ್ಯಾಡಮ್, ಬೇರೆ ಏನ್ ಬೇಕಾದ್ರೂ ಮಾಡಿ. ಅಬ್ಬಾಗೆ ಮಾತ್ರ ಹೇಳ್ಬೇಡಿ. ಒಂದು ಕಂಪ್ಲೇಂಟ್ ಬಂದ್ರೆ ಕಾಲೇಜ್ ಬಿಡಿಸ್ತೀನಿ ಅಂತ ಸೇರ್ಸುವಾಗ್ಲೇ ಹೇಳವ್ರೆ. ಇನ್ನೊಂದು ವರ್ಷ ಆದ್ರೆ ಡಿಗ್ರಿ ಆಯ್ತದೆ."

"ಹಾಗಾದ್ರೆ ಒಪ್ಕೋ."

"ಮಾಡ್ದೇ ಇರೋದ್ನ ಹೆಂಗ್ ಒಪ್ಕೊಳ್ಲಿ?"

"ಏನ್ ಬೇಕಾದ್ರೂ ಮಾಡಿ ಅಂತೀಯ, ತಪ್ಪು ಮಾಡಿಲ್ಲ ಅಂತೀಯ. ಎರಡಕ್ಕೂ ತಾಳೆ ಆಗ್ತಿಲ್ಲವಲ್ಲ."

"ಯಾವ ಲೆಕ್ಕ ಅಂತ ತೋರ್ಸಿ ಮ್ಯಾಡಮ್. ಪೇಪರ್ ಕೊಡಿ, ನೋಡ್ತೀನಿ."

"ಕೊಟ್ರೆ ಇಬ್ರೂ ಸೇರಿ ಒಂದು ಕಥೆ ಕಟ್ಕೊಂಡು ಬರ್ತೀರ," ಎಂದು ಪ್ರಮೀಳಾ ಹಾಳೆಗಳನ್ನು ಬೀರುವಿಗೆ ಹಾಕಿ ಬೀಗ ತಿರುಗಿಸಿದಳು.

ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟ ಮೇಲೆ ಅವಳು ಗುಬ್ಬಿ ಕಡೆಯ ಪ್ರೈವೇಟ್ ಬಸ್ಸು ಹತ್ತಿ ಹಿಂದಿನ ಸೀಟಿನಲ್ಲಿ ಸೆರಗು ತಲೆಗೆಳೆದು ಕೂತಳು. ಇಬ್ಬರೂ ಅದೇ ಬಸ್ಸಿಗೆ ಬಂದರು. ಅಂಬ್ರೀನ್ ಮುಂದೆ ಹೆಂಗಸರ ಸಾಲಿನಲ್ಲಿ ಕೂತಳು, ಲಕ್ಷ್ಮೀಕಾಂತ್ ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತ. ದಾರಿಯುದ್ದಕ್ಕೂ ಒಬ್ಬರು ಇನ್ನೊಬ್ಬರ ಕಡೆ ತಿರುಗಿಯೂ ನೋಡಲಿಲ್ಲ. ಗುಬ್ಬಿಯಲ್ಲಿ ಹುಡುಗಿ ಇಳಿದಳು. ನಿಟ್ಟೂರಿಗೆ ಹೋಗಬೇಕಾದ ಹುಡುಗ ಅವಳು ಬಿಟ್ಟ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿದ. ಒಂದೇ ತರಗತಿಯವರು ಹೀಗೆ ಕಲ್ಲಿನಂತೆ ಇರಬೇಕಾದರೆ ಎಷ್ಟು ಅಭ್ಯಾಸ ಮಾಡಿರಬೇಕು ಎಂದುಕೊಳ್ಳುತ್ತ ಪ್ರಮೀಳಾ ಕೊನೆಯವಳಾಗಿ ಇಳಿದಳು.

ಅಂಬ್ರೀನಳ ಅಪ್ಪ ಬುಡನ್ ಸಾಬರ ತೆಂಗಿನಕಾಯಿ ಮಂಡಿಯೆಂದರೆ ತಗಡಿನ ಶೆಡ್ಡು, ಅದರ ಮುಂದೆ ಕಾಯಿಯ ರಾಶಿ. ಪ್ರಮೀಳಾ ಎದುರಿನ ಸೈಕಲ್ ಅಂಗಡಿಯ ಮರೆಯಲ್ಲಿ ನಿಂತಳು. ಒಳಗೆ ಹೋಗುವ ಮೊದಲು ಇವರು ಎಂಥ ಜನವೆಂದು ನೋಡಿಕೊಳ್ಳೋಣ ಎಂದು.

ಯಾರೋ ಟೆಂಪೋದಲ್ಲಿ ಕಾಯಿ ತಂದಿದ್ದರು. ಅಂಬ್ರೀನ್ ಬ್ಯಾಗನ್ನು ಮೊಳೆಗೆ ಸಿಕ್ಕಿಸಿ, ದುಪಟ್ಟಾ ಸೊಂಟಕ್ಕೆ ಬಿಗಿದು, ಅಪ್ಪನ ಪಕ್ಕದಲ್ಲೇ ಎಣಿಸಲು ನಿಂತಳು. ಕೈಗೊಂದರಂತೆ ಎರಡೆರಡು ಕಾಯಿ ಎತ್ತಿ ಶೆಡ್ಡಿನೊಳಕ್ಕೆ ಎಸೆಯುವುದು, ಜೋಡಿಗೊಂದು ಲೆಕ್ಕ ಹೇಳುವುದು. ಒಂದು ಎನ್ನುವ ಕಡೆ ಲಾಭ ಎನ್ನುತ್ತಿದ್ದಳು. ಲಾಭ, ಎರಡು, ಮೂರು. ಕಾಲೇಜಿನಲ್ಲಿ ಬಾಯಿ ಬಿಡದ ಹುಡುಗಿಯ ದನಿ ಇಲ್ಲಿ ರಸ್ತೆ ದಾಟಿ ಬರುತ್ತಿತ್ತು. ಐವತ್ತು ಜೋಡಿಗೆ ನೂರು. ಐವತ್ತು ಎಂದ ಮೇಲೆ ಅವಳು ಬಾಯಿ ಮುಚ್ಚಿಕೊಂಡು ಇನ್ನೂ ಎರಡು ಜೋಡಿ ಎತ್ತಿ ಒಳಕ್ಕೆ ಎಸೆದಳು. ಆಮೇಲೆ ಮತ್ತೆ ಲಾಭ, ಎರಡು, ಮೂರು.

ಪ್ರಮೀಳಾಗೆ ತಾನು ಕಂಡದ್ದು ನಂಬಲಾಗಲಿಲ್ಲ. ಮುಂದಿನ ನೂರಕ್ಕೂ ಹಾಗೆಯೇ ಆಯಿತು. ಐವತ್ತು, ಮೌನ, ಲೆಕ್ಕಕ್ಕಿಲ್ಲದ ನಾಲ್ಕು ಕಾಯಿ. ಹಾಗಾದರೆ ಇದು ಮನೆಯಲ್ಲೇ ಕಲಿತ ವಿದ್ಯೆ. ಅವಳು ಸೆರಗು ಸರಿಮಾಡಿಕೊಂಡು ರಸ್ತೆ ದಾಟಿದಳು.

"ನಾಲ್ಕು ಜಾಸ್ತಿ ಹಾಕ್ಕೊಂಡ್ರಿ," ಎಂದಳು. "ನೂರಾದ್ಮೇಲೆ ನಾಲ್ಕು. ಎರಡು ಸಲ ನೋಡ್ದೆ."

ಅಂಬ್ರೀನ್ ಕೈಯಲ್ಲಿ ಕಾಯಿ ಹಿಡಿದ ಹಾಗೇ ನಿಂತುಬಿಟ್ಟಳು. ಅವಳ ಮುಖದ ಬಣ್ಣ ಇಳಿಯಿತು. ನಕ್ಕವನು ಕಾಯಿ ತಂದವನೇ, ಚಿಕ್ಕಬೋರಯ್ಯನೆಂಬ ತೋಟದವನು.

"ಕೊಸರು ಕಣವ್ವ ಅದು. ನೂರಕ್ಕೆ ನಾಕು. ಕೊಂಡೋರಿಗೆ ಕೊಡೋದೇಯ. ನಾ ಇಲ್ಲೇ ನಿಂತಿವ್ನಿ, ನನ್ ಕಣ್ಣೇನು ಮುಚ್ಚೋಗೈತಾ?"

"ಅದಕ್ಕೆ ದುಡ್ಡು?"

"ದುಡ್ಡು ಈಸ್ಕಂಡ್ರೆ ಅದ್ ಕೊಸರು ಹೆಂಗಾಯ್ತದೆ? ಯಾವೂರವ್ವ ನಿಂದು?"

ಪ್ರಮೀಳಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ನೂರಕ್ಕೆ ನಾಲ್ಕು. ಸಾವಿರಕ್ಕೆ ನಲವತ್ತು. ನಲವತ್ತು ಕಾಯಿಗೆ ಐದರಂತೆ ಇನ್ನೂರು. ಐದು ಸಾವಿರದ ಇನ್ನೂರು. ಕುಣಿಗಲ್ಲಿನ ಅವಳ ಮನೆಗೆ ಕಾಯಿ ಬರುತ್ತಿದ್ದದ್ದು ಅಂಗಡಿಯಿಂದ, ಹಬ್ಬಕ್ಕೆ ಎರಡು, ಚಟ್ನಿಗೆ ಒಂದು. ನೂರು ಕಾಯಿಯನ್ನು ಒಟ್ಟಿಗೆ ಅವಳು ಕಂಡಿದ್ದು ಪ್ರಶ್ನೆಪತ್ರಿಕೆಯಲ್ಲಿ ಮಾತ್ರ.

"ಟೆಸ್ಟಲ್ಲೂ ಇದನ್ನ ಸೇರಿಸಿದ್ಯಾ?" ಎಂದಳು ಮೆಲ್ಲಗೆ.

"ವ್ಯಾಪಾರಿ ಕೊಂಡ್ಕೊಂಡ ಅಂತ ಇತ್ತಲ್ಲ ಮ್ಯಾಡಮ್. ಕೊಂಡ್ಮೇಲೆ ಕೊಸರು ಬರ್ತದಲ್ಲ." ಅಂಬ್ರೀನಳ ಹುಬ್ಬು ಗಂಟಾಯಿತು, ಆಮೇಲೆ ನಿಧಾನವಾಗಿ ಬಿಚ್ಚಿತು. "ಅದಕ್ಕಾ? ಆ ಲೆಕ್ಕಕ್ಕಾ ಇಷ್ಟೆಲ್ಲ?"

"ಲಕ್ಷ್ಮೀಕಾಂತ್ ಕೂಡ ಹಾಗೇ ಮಾಡಿದ್ದ."

"ಅವ್ರದ್ದು ತೋಟ ಅಂತೆ. ಮಂಡಿಗೆ ಕಾಯಿ ಹಾಕೋರ್ಗೆಲ್ಲ ಗೊತ್ತಿರ್ತದೆ."

ತರಗತಿಯಲ್ಲಿ ಉಳಿದವರೆಲ್ಲ ಪೇಟೆಯ ಮಕ್ಕಳು, ಹಿರೇಹಳ್ಳಿಯ ಕಾರ್ಖಾನೆಗಳಿಗೆ ಹೋಗುವವರ ಮಕ್ಕಳು. ಅವರಿಗೆಲ್ಲ ನೂರೆಂದರೆ ನೂರೇ.

ಅಷ್ಟರಲ್ಲಿ ಬುಡನ್ ಸಾಬ್ ಕೈ ಒರೆಸಿಕೊಂಡು ಬಂದರು. ಬಂದವಳು ಮಗಳ ಲೆಕ್ಚರರು ಎಂದು ತಿಳಿದ ಕೂಡಲೇ ಸ್ಟೂಲು ತರಿಸಿದರು, ತಾವು ಕೂರಲಿಲ್ಲ.

"ಏನ್ ಮೇಡಂ, ಇಷ್ಟು ದೂರ?"

"ಗುಬ್ಬೀಲಿ ಒಂದು ಕೆಲಸ ಇತ್ತು. ಹಾಗೇ ಬಂದೆ."

"ಎಲ್ಲಿ ಕೆಲಸ? ಯಾರ ಮನೇಲಿ?"

ಪ್ರಮೀಳಾಗೆ ಗುಬ್ಬಿಯಲ್ಲಿ ಒಂದು ಮನೆಯ ಹೆಸರೂ ಬಾಯಿಗೆ ಬರಲಿಲ್ಲ. ಬುಡನ್ ಸಾಬರ ನೋಟ ಅವಳಿಂದ ಮಗಳ ಕಡೆಗೆ ಹೋಯಿತು, ಮಗಳ ಮುಖದಿಂದ, ಟೆಸ್ಟಿನ ದಿನ ತೆಗೆದ ಬಳೆ ಮತ್ತೆ ಏರದ ಅವಳ ಬರಿ ಮಣಿಕಟ್ಟಿಗೆ ಇಳಿಯಿತು, ಮತ್ತೆ ಮೇಲೆ ಬಂತು. ಆ ನೋಟವನ್ನು ಪ್ರಮೀಳಾ ಚೆನ್ನಾಗಿ ಬಲ್ಲಳು. ಅದು ಒಂದು ತಿಂಗಳಿಂದ ಅವಳದೇ ಆಗಿತ್ತು.

"ಹುಡ್ಗಿ ಏನಾದ್ರೂ ಮಾಡಿದ್ರೆ ಹೇಳ್ಬುಡಿ. ಮುಚ್ಚಿಡ್ಬೇಡಿ. ಸೋಮವಾರದಿಂದ್ಲೇ ನಿಲ್ಲಿಸ್ಬುಡ್ತೀನಿ."

"ಅಯ್ಯೋ, ಹಾಗೇನಿಲ್ಲ. ಚೆನ್ನಾಗಿ ಓದ್ತಾಳೆ. ಅದನ್ನೇ ಹೇಳೋಣ ಅಂತ."

"ಅದನ್ನ ಹೇಳಕ್ಕೆ ಬಸ್ ಹತ್ಕೊಂಡ್ ಬಂದ್ರಾ," ಎಂದರು ಬುಡನ್ ಸಾಬ್. ನಂಬಿದವರ ದನಿಯಾಗಿರಲಿಲ್ಲ ಅದು. "ಕೂತಿರಿ, ಎಳನೀರು ಕೆತ್ಕೊಂಡು ಬರ್ತೀನಿ. ಆಮೇಲೆ ಮಾತಾಡಾಣ." ಮಚ್ಚು ಹುಡುಕುತ್ತ ಶೆಡ್ಡಿನ ಹಿಂದಕ್ಕೆ ಹೋದರು.

ಚಿಕ್ಕಬೋರಯ್ಯ ಬೀಡಿ ಹಚ್ಚಲು ಟೆಂಪೋ ಕಡೆ ನಡೆದಿದ್ದ. ಪ್ರಮೀಳಾ ಸ್ಟೂಲನ್ನು ಹುಡುಗಿಯ ಹತ್ತಿರಕ್ಕೆ ಎಳೆದುಕೊಂಡಳು.

"ನೋಡು ಅಂಬ್ರೀನ್, ಆ ಲೆಕ್ಕಕ್ಕೆ ಪೂರ್ತಿ ಮಾರ್ಕ್ಸ್ ಹಾಕ್ತೀನಿ. ಎರಡು ಟೆಸ್ಟಲ್ಲೂ. ಅವನಿಗೂ ಹಾಕ್ತೀನಿ. ನಿಮ್ಮಪ್ಪಂಗೆ ಏನೂ ಗೊತ್ತಾಗಲ್ಲ."

"ಎಚ್.ಓ.ಡಿ. ಸಾರ್?"

"ಅವರಿಗೆ ಏನೋ ಒಂದು ಹೇಳ್ತೀನಿ ಬಿಡು."

"ಕ್ಲಾಸಲ್ಲಿ ಏನ್ ಹೇಳ್ತೀರಾ?"

"ಕ್ಲಾಸಲ್ಲಿ ಏನಿದೆ ಹೇಳೋಕೆ?"

"ನಾನು ಕಾಪಿ ಹೊಡೀಲಿಲ್ಲ ಅಂತ."

ಪ್ರಮೀಳಾ ಆ ತರಗತಿಯನ್ನು ಕಣ್ಣ ಮುಂದೆ ತಂದುಕೊಂಡಳು. ಹಲ್ಲಿಯ ಹುಡುಗ ಈ ಸಲ ಅವಳ ಬಗ್ಗೆ ಏನೆನ್ನುತ್ತಾನೆ, ಅದು ಸ್ಟಾಫ್ ರೂಮಿನ ನಶ್ಯದ ಡಬ್ಬಿಯವರೆಗೆ ಹೇಗೆ ಹೋಗುತ್ತದೆ, ಕೊಸರು ಗೊತ್ತಿಲ್ಲದವಳು ಬಿಸಿನೆಸ್ ಲೆಕ್ಕ ಹೇಳಿಕೊಡುತ್ತಾಳೆ ಎಂದು ಯಾರು ಯಾರು ನಗುತ್ತಾರೆ.

"ಅದೆಲ್ಲ ಈಗ್ಯಾಕೆ," ಎಂದಳು. "ಮಾರ್ಕ್ಸ್ ಬಂತಲ್ಲ, ಎಲ್ಲರಿಗೂ ತಾನಾಗೇ ಗೊತ್ತಾಗುತ್ತೆ. ಸೋಮವಾರ ಬಂದು ಸುಮ್ನೆ ನಿನ್ನ ಹಳೇ ಜಾಗದಲ್ಲಿ ಕೂತ್ಕೋ. ನಾನೇ ಬೆಂಚು ಎಳೆಸಿ ಇಟ್ಟಿರ್ತೀನಿ. ಆಯ್ತಾ?"

ಶೆಡ್ಡಿನ ಹಿಂದೆ ಮಚ್ಚಿನ ಏಟು ಕೇಳಿಸಿತು. ಅಂಬ್ರೀನ್ ಬಗ್ಗಿ ಎರಡು ಕಾಯಿ ಎತ್ತಿಕೊಂಡಳು.

"ಇಲ್ಲ ಮ್ಯಾಡಮ್. ಆ ಮಾರ್ಕ್ಸೂ ಬೇಡ, ಆ ಜಾಗಾನೂ ಬೇಡ. ನಾನು ಗೋಡೆ ಕಡೇನೇ ಕೂತ್ಕೋತೀನಿ."