ನಿದ್ದೆಗಣ್ಣಿನ ಡ್ರೈವರ್

ಕೊಪ್ಪದ ಪಕ್ಕದ ಹಳ್ಳಿಯೊಂದರ ಹಾಲಿನ ಡೇರಿಗೆ ಲಿನಕ್ಸ್ ಕಂಪ್ಯೂಟರ್ ಬಂದಾಗಿನಿಂದ ನೆಟ್‌ವರ್ಕ್ ಹತ್ತು ನಿಮಿಷಕ್ಕೊಮ್ಮೆ ಕಡಿದುಹೋಗುತ್ತಿತ್ತು. ಕಾರ್ಯದರ್ಶಿ ವನಜಾ ಎರಡು ದಿನ ಕೂತು ಕಾರಣ ಹುಡುಕಿದಳು: ನೆಟ್‌ವರ್ಕ್ ಕಾರ್ಡನ್ನು ನಡೆಸುವ ‘ಡ್ರೈವರ್’ ಎಂಬ ತಂತ್ರಾಂಶ ಕರೆಂಟು ಉಳಿಸಲೆಂದು ಕಾರ್ಡನ್ನೇ ಮಲಗಿಸುತ್ತಿತ್ತು.

“ಡ್ರೈವರ್ ಸರಿಯಿಲ್ಲ, ಅಧ್ಯಕ್ಷರೇ. ಕೆಲಸದ ಮಧ್ಯದಲ್ಲೇ ನಿದ್ದೆ,” ಎಂದಳು.

ಅಧ್ಯಕ್ಷ ಲಿಂಗಯ್ಯನವರು ಮಹಾ ಚುರುಕು. ಮಾತು ಮುಗಿಯುವ ಮೊದಲೇ ಹೊರಗೋಡಿ, ಹಾಲಿನ ವ್ಯಾನ್ ಓಡಿಸುವ ಪುಟ್ಟರಾಜುವನ್ನು ಹಿಡಿದರು. “ಡ್ಯೂಟೀಲಿ ಮನೀಕತೀಯೇನ್ಲಾ?”

ಅವರು ಬೈದು ಮುಗಿಸುವಷ್ಟರಲ್ಲಿ ವನಜಾ ಆ ಉಳಿತಾಯದ ಸೆಟ್ಟಿಂಗ್ ತೆಗೆದುಹಾಕಿದಳು. ಸಂಜೆಯವರೆಗೂ ನೆಟ್‌ವರ್ಕ್ ಅಲ್ಲಾಡಲಿಲ್ಲ.

“ನೋಡ್ದೇನಮ್ಮ, ಉಗುದ್ ಮ್ಯಾಕೆ ಎಂಗೆ ಸರಿಓಯ್ತು!” ಎಂದು ಲಿಂಗಯ್ಯ ಮೀಸೆ ತಿರುವಿದರು.

ವನಜಾ ಪುಟ್ಟರಾಜುವಿಗೆ ಕಾಫಿ ಕೊಟ್ಟು ಕ್ಷಮೆ ಕೇಳಿದಳು.

“ಬುಡಕ್ಕ,” ಎಂದ ಅವನು, “ನಾನು ನಿಜವಾಗ್ಲೂ ಮನಗಿದ್ದೆ.”