ಸುಂದರಮ್ಮನವರು ಆರಿಸಿದ ಕೆರೆ

ಆಘಾತವಾದಾಗ ಸುಂದರಮ್ಮನವರು ಕೂಗುತ್ತಿರಲಿಲ್ಲ, ಅಳುತ್ತಿರಲಿಲ್ಲ, ದೇವರ ಹೆಸರನ್ನೂ ಎತ್ತುತ್ತಿರಲಿಲ್ಲ. ಇದ್ದ ಜಾಗದಲ್ಲೇ ಕೂತುಬಿಡುತ್ತಿದ್ದರು. ಅದು ಅಡುಗೆಮನೆಯ ಹೊಸಿಲಾಗಲಿ, ಗಾಂಧಿಬಜಾರಿನ ಹೂವಿನ ಸಾಲಾಗಲಿ, ಸೆರಗನ್ನು ಎಳೆದುಕೊಂಡು, ಎಡಗೈಯನ್ನು ನೆಲಕ್ಕೆ ಊರಿ ಕೂತರೆ, ಕೇಳಿದ ಸುದ್ದಿ ಮೈಯೊಳಗೆ ಇಳಿದು ನೆಲೆಗೊಳ್ಳುವವರೆಗೆ ಏಳುತ್ತಿರಲಿಲ್ಲ. ಎಬ್ಬಿಸಲು ಹೋದವರಿಗೆ "ಸ್ವಲ್ಪ ತಾಳಿ" ಎಂಬುದೊಂದೇ ಉತ್ತರ. ತಂಗಿ ಯಾರಿಗೂ ಹೇಳದೆ ಮದುವೆಯಾದ ಸುದ್ದಿ ಯಾವುದೋ ಮುಂಜಿಮನೆಯ ಪಡಸಾಲೆಯಲ್ಲಿ ಕಿವಿಗೆ ಬಿದ್ದಾಗಲೂ ಹೀಗೇ ಕೂತರು. ಬಡಿಸುವವರು ಪಂಕ್ತಿ ಅಲ್ಲಿಂದಲೇ ಶುರುವೆಂದು ತಿಳಿದು ಅವರ ಮುಂದೆ ಎಲೆ ಹಾಕಿ, ಉಪ್ಪು ಕೋಸಂಬರಿಯನ್ನೂ ಬಡಿಸಿಬಿಟ್ಟಿದ್ದರಂತೆ.

ಉಳಿದಂತೆ ಗವಿಪುರದ ನಮ್ಮ ಬೀದಿಯಲ್ಲಿ ಅವರಷ್ಟು ಅಚಲವಾದ ಜೀವ ಮತ್ತೊಂದಿರಲಿಲ್ಲ. ಸೊಂಟದಲ್ಲಿ ಕೊಡವಿಲ್ಲದಾಗಲೂ ಇದೆಯೇನೋ ಎಂಬಂತೆ ತುಸು ವಾಲಿದ ನಡಿಗೆ. ಮಾಗಿಯ ಚಳಿಗೆ ಸೀರೆಯ ಮೇಲೆ ಗಂಡನ ಹಳೆಯ ಬೂದುಬಣ್ಣದ ಸ್ವೆಟರು. ಮಡಿ, ಏಕಾದಶಿ, ಚಾತುರ್ಮಾಸ್ಯ ಯಾವುದೂ ತಪ್ಪುವಂತಿಲ್ಲ. ಅಕ್ಕಿಯಲ್ಲಿ ಸಿಕ್ಕ ಹುಳುವನ್ನು ಸಹ ಕಾಗದದ ಚೂರಿನ ಮೇಲೆ ಎತ್ತಿ ದಾಸವಾಳದ ಬುಡಕ್ಕೆ ಬಿಟ್ಟುಬರುತ್ತಿದ್ದರು.

ಎರಡು ಸಾವಿರದ ಒಂದನೆಯ ಇಸವಿಯ ಶ್ರಾವಣದಲ್ಲಿ, ಅವರ ಯಜಮಾನರಾದ ವಾದಿರಾಜರಾಯರ ಕಚೇರಿಯ ಸಹೋದ್ಯೋಗಿ ಸೊಣ್ಣಪ್ಪ, ಬಟ್ಟೆ ಸುತ್ತಿದ ಉದ್ದನೆಯ ಕೋಲೊಂದನ್ನು ಹಿಡಿದು ಬಾಗಿಲಿಗೆ ಬಂದರು. ರಾಯರು ತರಕಾರಿಗೆ ಹೋಗಿದ್ದರು.

"ಅಮ್ಮಾ, ಹೋದ್ ಭಾನುವಾರ ರಾಯರು ಗಾಳ ನಮ್ಮನೇಲೇ ಬಿಟ್ಬಿಟ್ಟಿದ್ರು. ಈ ಸಲ ನಂಗೆ ನದೀಗೆ ಬರಕ್ಕಾಗಲ್ಲ, ಅದಕ್ಕೇ ಕೊಟ್ಟೋಗಣ ಅಂತ."

ಸುಂದರಮ್ಮನವರು ಹೊಸಿಲ ಮೇಲೆ ಕೂತರು. ಭಾನುವಾರಗಳಲ್ಲಿ ರಾಯರು ಹೋಗುತ್ತಿದ್ದುದು ಚಾಮರಾಜಪೇಟೆಯ ಭಾಗವತ ಪ್ರವಚನಕ್ಕೆಂದು ಅವರು ನಂಬಿದ್ದರು. ಇವತ್ತು ಏನು ಹೇಳಿದರೆಂದು ಕೇಳಿದಾಗ, ಮತ್ಸ್ಯಾವತಾರವೇ ಇನ್ನೂ ಮುಗಿದಿಲ್ಲವೆಂದು ರಾಯರು ಹೇಳಿದ್ದನ್ನು ಕೇಳಿ, ಪೌರಾಣಿಕರ ವಿಸ್ತಾರಕ್ಕೆ ಮೆಚ್ಚಿಯೂ ಇದ್ದರು. ಚೀಲ ಹಿಡಿದು ಬಂದ ರಾಯರಿಗೆ ಹೆಂಡತಿ, ಸೊಣ್ಣಪ್ಪ, ಗಾಳ ಮೂರೂ ಒಂದೇ ನೋಟಕ್ಕೆ ಕಂಡವು.

"ಹಿಡಿದು ಬಿಟ್ಬಿಡ್ತೀನಿ ಕಣೇ, ಕೊಲ್ಲಲ್ಲ," ಎಂದರು, ಸೊಣ್ಣಪ್ಪ ಮೆಲ್ಲಗೆ ಜಾರಿಕೊಂಡ ಮೇಲೆ.

"ಬಾಯಿಗೆ ಕೊಕ್ಕೆ ಚುಚ್ಚಿ ಆಮೇಲೆ ಬಿಟ್ರೆ ಅದು ಬಿಟ್ಟಂಗಾ? ಹೋಗಲಿ, ನಂಗ್ಯಾಕೆ ಸುಳ್ಳು ಹೇಳಿದ್ರಿ?"

ಮೊದಲ ಪ್ರಶ್ನೆಗಾದರೂ ರಾಯರ ಬಳಿ ಏನೋ ವಾದವಿತ್ತು. ಎರಡನೆಯದನ್ನು ಕೇಳಿದವರೇ ತರಕಾರಿ ಚೀಲವನ್ನು ಒಳಗೆ ಒಯ್ದಿಟ್ಟರು. ಅಂದಿನಿಂದ ಆ ಮನೆಯಲ್ಲಿ ಮಾತು ನಿಂತಿತು. ಎಲೆಗೆ ಬಿಸಿ ಅನ್ನ, ತುಪ್ಪ ಎಲ್ಲವೂ ಕಾಲಕ್ಕೆ ಸರಿಯಾಗಿ ಬೀಳುತ್ತಿದ್ದವು. ಮಾತು ಮಾತ್ರ ಬೀಳುತ್ತಿರಲಿಲ್ಲ. ರಾಯರು ಭಾನುವಾರಗಳಂದು ಮನೆಯಲ್ಲೇ ಉಳಿದು, ಓದಿದ ಪತ್ರಿಕೆಯನ್ನೇ ಮತ್ತೆ ಓದುತ್ತಾ ದಿನೇ ದಿನೇ ಸೊರಗಿದರು.

ಈ ಮೌನದಿಂದ ಬೇಸತ್ತ ಮಗಳು ಸುಪ್ರಜಾ ಒಂದು ದಿನ ನಗೆಚಾಟಿಕೆಗೆ ಹೇಳಿದಳು: "ನನ್ ಕಂಪ್ಯೂಟರಲ್ಲಿ ಆಡಕ್ಕೆ ಮೀನು ಹಿಡಿಯೋ ಗೇಮೇ ಸಿಗತ್ತಮ್ಮಾ. ತಂದ್ಕೊಟ್ಬಿಡು ಅಪ್ಪಂಗೆ. ಮೀನಿಗೂ ನೋವಿಲ್ಲ, ನಿಂಗೂ ಇಲ್ಲ."

ನಗೆಚಾಟಿಕೆಯನ್ನು ನಗೆಚಾಟಿಕೆಯಾಗಿ ಸ್ವೀಕರಿಸುವ ಅಭ್ಯಾಸ ಸುಂದರಮ್ಮನವರಿಗಿರಲಿಲ್ಲ. ಮರುದಿನವೇ ಮಗಳನ್ನು ಕರೆದುಕೊಂಡು ಬಸವನಗುಡಿಯ ಸಿ.ಡಿ. ಅಂಗಡಿಗೆ ಹೋಗಿ, ಬೆಂಡೆಕಾಯಿಯ ತುದಿ ಮುರಿದು ನೋಡದೆ ಕೊಳ್ಳದ ಹೆಂಗಸಿನ ನಿಷ್ಠುರತೆಯಿಂದ, "ಎಲ್ಲಾನೂ ಆಡಿ ತೋರಿಸಿ," ಎಂದರು. ಅಂಗಡಿಯ ಸ್ವರೂಪ್ ಮೊದಲು ತೋರಿಸಿದ್ದು ಪಂದ್ಯದ ಆಟ. ಹಿಡಿದ ಮೀನನ್ನು ತಕ್ಕಡಿಗೆ ಏರಿಸಿದೊಡನೆ ಜನ ಚಪ್ಪಾಳೆ ತಟ್ಟಿದರು.

"ತೂಕ ಯಾಕಪ್ಪಾ? ಮಾರ್ತಾನಾ?"

"ಇಲ್ಲ ಆಂಟಿ, ಪಾಯಿಂಟ್ಸು."

"ಬೇಡ."

ಮುಂದಿನದರಲ್ಲಿ ದೋಣಿಯೊಂದು ಭೋರ್ಗರೆಯುತ್ತಾ ಹೋಯಿತು; ಅದರಲ್ಲಿದ್ದವನು ದೊಡ್ಡ ಮೀನಿಗೆ ಈಟಿ ಎಸೆದೊಡನೆ ಪರದೆಯ ತುಂಬ ಕೆಂಪು ಹರಡಿತು. ಸುಂದರಮ್ಮನವರು ಅಲ್ಲೇ ರಟ್ಟಿನ ಪೆಟ್ಟಿಗೆಗಳ ಪಕ್ಕದಲ್ಲಿ ನೆಲಕ್ಕೆ ಕೂತುಬಿಟ್ಟರು. ಸ್ವರೂಪ್ ಗಾಬರಿಯಿಂದ ನೀರು ತಂದ. "ಇಂಥಾದ್ದನ್ನೆಲ್ಲಾ ಯಾರು ಆಡ್ತಾರಪ್ಪಾ?" ಎಂದು ಕೇಳಿದರು. "ಎಲ್ಲಾರೂ ಆಡ್ತಾರೆ ಆಂಟಿ," ಎಂದ ಅವನು, ತಪ್ಪು ಮಾಡಿದವನಂತೆ.

ಕೊನೆಗೆ ಯಾರೂ ಕೇಳದೆ ಮೂಲೆಗೆ ಬಿದ್ದಿದ್ದ ಆಟವೊಂದನ್ನು ಹಾಕಿದ. ಒಂದು ಕೆರೆ, ದಡದಲ್ಲಿ ಜೊಂಡು, ಮೋಡದ ನೆರಳು, ನೀರಿನ ಮೇಲೆ ಗಾಳದ ಬೆಂಡು. ಬಹಳ ಹೊತ್ತು ಏನೂ ಆಗಲಿಲ್ಲ. ಮೀನು ಸಿಕ್ಕಮೇಲೆ, ಇಟ್ಟುಕೊಳ್ಳುತ್ತೀರಾ, ಬಿಡುತ್ತೀರಾ ಎಂದು ಆಟವೇ ಕೇಳಿತು.

"ಬಿಡಿ ಅಂತ ಒತ್ತಿದ್ರೆ ನಿಜವಾಗ್ಲೂ ಬಿಡತ್ತಾ?"

ಸ್ವರೂಪ್ ಒತ್ತಿದ. ಬಾಲವೊಂದು ಹೊರಳಿ ಹಸಿರು ನೀರಿನಲ್ಲಿ ಕರಗಿಹೋಯಿತು. "ನಾನೊಂದ್ಸಲ ನೋಡ್ತೀನಿ, ಆ ಕಡೆ ಸರಿಯಪ್ಪಾ," ಎಂದು ಸುಂದರಮ್ಮನವರು ಕುರ್ಚಿಗೆ ಬಂದು, ಮೌಸನ್ನು ಕುಂಕುಮದ ಭರಣಿಯಂತೆ ಎರಡು ಬೆರಳಲ್ಲಿ ಹಿಡಿದರು. ನೀರು ನೋಡುತ್ತಾ ಇದ್ದರು. ಮನೆ, ಅಡುಗೆ, ಕೋಪ, ವಾದಿರಾಜರಾಯರು ಎಲ್ಲವೂ ಎಲ್ಲೋ ಹಿಂದೆ ಸರಿದವು. ಬೆಂಡು ಒಮ್ಮೆ ಕುಣಿದು, ನಿಂತು, ಥಟ್ಟನೆ ಮುಳುಗಿತು.

"ಬಂತು! ಬಂತು ಕಣೇ ಸುಪ್ರಜಾ, ಬಂತು!"

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆ ಕೂಗು ತಮ್ಮದೇ ಎಂದು ತಿಳಿಯಲು ಅವರಿಗೆ ಕ್ಷಣ ಹಿಡಿಯಿತು; ತಿಳಿದಾಗ, ಮೌಸನ್ನು ಕೆಂಡದಂತೆ ಕೈಬಿಟ್ಟರು. ಗಂಡನ ಗಾಳವನ್ನು ಕಂಡಾಗಲೂ ಅವರು ಇಷ್ಟು ಬೆಚ್ಚಿರಲಿಲ್ಲ. ಅಂದು ಬೆಚ್ಚಿದ್ದು ಮತ್ತೊಬ್ಬರನ್ನು ಕಂಡು; ಇಂದು ಹುಳುವನ್ನೂ ನೋಯಿಸದ ತಮ್ಮ ಎದೆಯೊಳಗೇ, ಇಷ್ಟು ವರ್ಷ ಸದ್ದಿಲ್ಲದೆ ಕಾದು ಕೂತಿದ್ದ ಬೇಟೆಗಾರ್ತಿಯೊಬ್ಬಳನ್ನು ಕಂಡು.

ಆ ಆಟವನ್ನೇ ಕೊಂಡರು. ಮನೆಗೆ ಬಂದವರೇ ರಾಯರ ಮುಂದೆ ನಿಂತು, ವಾರಗಳ ಮೌನ ಮುರಿದರು:

"ನಿಮಗೂ ಹಂಗೇ ಆಗತ್ತಾ? ಬೆಂಡು ಮುಳುಗ್ದಾಗ, ಇಲ್ಲಿ, ಎದೇಲಿ?"

ರಾಯರು ಪತ್ರಿಕೆ ಇಳಿಸಿ ಹೆಂಡತಿಯನ್ನು ದಿಟ್ಟಿಸಿದರು. "ಹೂಂ," ಎಂದರು. "ನಿಂಗೆ ಹೆಂಗ್ ಗೊತ್ತಾಯ್ತು?"

ಸಂಜೆ ರಾಯರೂ ಆಡಿನೋಡಿದರು. ಚೆನ್ನಾಗಿದೆ, ಆದರೆ ಮೀನು ಎಳೆಯುವಾಗ ಕೈಗೆ ಏನೂ ತಿಳಿಯುವುದಿಲ್ಲ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡರು. ಹಾಗಿದ್ದರೆ ಹೋಗಿಬನ್ನಿ ಎನ್ನಲಿಲ್ಲ ಸುಂದರಮ್ಮ. ಹೋಗಬೇಡಿ ಎಂದೂ ಅನ್ನಲಿಲ್ಲ. "ಆ ಸುಖ ಏನೂಂತ ಈಗ ನಂಗೊತ್ತು. ಅದಕ್ಕೇ ಭಯ. ಹೋಗೋದಾದ್ರೆ ನದೀಗೆ ಅಂತ್ಲೇ ಹೇಳಿ ಹೋಗಿ," ಎಂದಷ್ಟೇ ಅಂದರು. ರಾಯರು ಒಂದು ಭಾನುವಾರ ಹಾಗೆ ಹೇಳಿಯೇ ಹೋದರು. ಸಿಕ್ಕ ಮೊದಲ ಮೀನಿನ ಬಾಯಿಂದ ಕೊಕ್ಕೆ ಬಿಡಿಸುವಾಗ ಅದು ಚುಚ್ಚಿದ ಜಾಗವನ್ನೇ ನೋಡುತ್ತಾ ನಿಂತುಬಿಟ್ಟರಂತೆ. ಗಾಳವನ್ನು ಸೊಣ್ಣಪ್ಪನಿಗೇ ಕೊಟ್ಟು, ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದರು. ಆಮೇಲೆ ದಂಪತಿಗಳು ಸಂಜೆಯ ದೀಪ ಹಚ್ಚಿದ ಮೇಲೆ ಆ ಗಾಜಿನ ಕೆರೆಯ ಮುಂದೆ ಪಕ್ಕಪಕ್ಕದಲ್ಲಿ ಕೂತು ಸರದಿಯಲ್ಲಿ ಆಡುತ್ತಿದ್ದುದನ್ನು ಬೀದಿಯೆಲ್ಲ ಕಿಟಕಿಯಿಂದ ಕಂಡು ಬೆರಗಾಯಿತು.

ಕಟ್ಟುನಿಟ್ಟಿನವರನ್ನು ಕಂಡರೆ ನಾವು ಅವರ ಲೋಕ ಚಿಕ್ಕದೆಂದುಕೊಳ್ಳುತ್ತೇವೆ. ಯಾವುದಕ್ಕೂ ಬೆಚ್ಚದವರನ್ನು ಉದಾರಿಗಳೆನ್ನುತ್ತೇವೆ. ಆದರೆ ಬೆಚ್ಚದವರಲ್ಲಿ ಬಹಳ ಮಂದಿ ಯಾವುದನ್ನೂ ಹತ್ತಿರ ಹೋಗಿ ನೋಡಿದವರಲ್ಲ. ಗೆರೆ ಎಳೆದುಕೊಂಡು ಬದುಕುವವರಲ್ಲಿ ಅಪರೂಪಕ್ಕೆ ಒಬ್ಬರು, ಪ್ರೀತಿಸಿದವರು ಗೆರೆಯ ಆಚೆಗೆ ಸಿಕ್ಕಿಬಿದ್ದಾಗ, ಈಚೆಯಿಂದ ಶಪಿಸದೆ, ಅಲ್ಲಿ ಅಂಥದ್ದೇನಿದೆ ಎಂದು ಒಂದು ಹೆಜ್ಜೆ ದಾಟಿ ನೋಡುತ್ತಾರೆ. ಅಲ್ಲಿ ಕಂಡ ಮುಖ ತಮ್ಮದೇ ಆಗಿದ್ದರೆ ಅದನ್ನು ಮನೆಗೆ ಬಂದು ಹೇಳುವ ಧೈರ್ಯವೂ ಅವರಿಗಿರುತ್ತದೆ. ಕ್ಷಮೆ ಎಂಬುದು ಅಂಥವರ ಕೈಯಲ್ಲಿ ಮೇಲಿನಿಂದ ಸುರಿಯುವ ದಾನವಲ್ಲ, ಪಕ್ಕದಲ್ಲಿ ಹಾಕಿಕೊಂಡ ಇನ್ನೊಂದು ಕುರ್ಚಿ.