ಬೆಟ್ಟಣ್ಣನ ಹೊಟ್ಟೆನೋವು

ಗರಗಸದ ಹುಡಿಯ ನಡುವೆ ಬದುಕುವವನಿಗೆ ಸೀನು ಬರದೆ ಇರುತ್ತದೆಯೇ? ಬಡಗಿ ಬೆಟ್ಟಣ್ಣನಿಗೆ ಮೊದಲೂ ಬರುತ್ತಿತ್ತು. ಅವನು ಒಮ್ಮೆ ಸೀನಿದರೆ ಪಕ್ಕದ ಸೈಕಲ್ ಅಂಗಡಿಯವನು "ಯಾರಪ್ಪಾ ಅದು ಬಾಗಿಲು ಮುರಿದಿದ್ದು?" ಎಂದು ಕೂಗುತ್ತಿದ್ದ. ಈಗ ಮೂಗಿಗೆ ಸ್ವಲ್ಪ ಕಚಗುಳಿಯಾದರೂ ಸಾಕು, ಅವನು ಉಳಿಯನ್ನು ಕೆಳಗಿಟ್ಟು, ಒಂದು ಕೈಯಿಂದ ಮೇಜಿನ ಅಂಚು ಹಿಡಿದು, ಇನ್ನೊಂದನ್ನು ಹೊಕ್ಕುಳಿನ ಪಕ್ಕಕ್ಕೆ ಒತ್ತಿಕೊಂಡು ನಿಲ್ಲುತ್ತಾನೆ. ಸೀನು ಬಂದು ಹೋದ ಮೇಲೂ ಸ್ವಲ್ಪ ಹೊತ್ತು ಕಣ್ಣು ತೆರೆಯುವುದಿಲ್ಲ.

ಆಳು ಬೆಟ್ಟದಂತಿದ್ದಾನೆ, ಅದಕ್ಕೇ ಆ ಹೆಸರು. ಇಬ್ಬರು ಹೊರುವ ಬೀರುವನ್ನು ಒಬ್ಬನೇ ಹೂವೆತ್ತಿದಂತೆ ಎತ್ತುತ್ತಿದ್ದವನು. ಸಂಜೆ ಅಂಗಡಿ ಮುಚ್ಚಿದ ಮೇಲೆ ಬೀದಿಯ ಕೊನೆಯ ಜಿಮ್ಮಿಗೆ ಹೋಗಿ ಭಾರ ಎತ್ತುವುದೇ ಅವನ ಸಂತೋಷ. ಕಳೆದ ವರ್ಷ ಅಲ್ಲಿಯೇ, ಬಿಲ್ಲೆ ಸಿಕ್ಕಿಸಿದ ಕಬ್ಬಿಣದ ಬಾರನ್ನು ನೆಲದಿಂದ ಎದೆಗೆ ಎಳೆದುಕೊಂಡ ಗಳಿಗೆಯಲ್ಲಿ, ಹೊಟ್ಟೆಯೊಳಗೆ ಹಳೆಯ ಬಟ್ಟೆ ಪರ್ರನೆ ಹರಿದಂತಾಯಿತು. ಅವನು ಬಾರನ್ನು ಬಿಡಲಿಲ್ಲ. ತಲೆಯ ಮೇಲಕ್ಕೆತ್ತಿ, ಚಪ್ಪಾಳೆ ಗಿಟ್ಟಿಸಿಕೊಂಡೇ ಇಳಿಸಿದ. ಆ ಚಪ್ಪಾಳೆ ದುಬಾರಿಯಾಯಿತು.

ಆಮೇಲೆ ಶುರುವಾಯಿತು ಡಾಕ್ಟರುಗಳ ಮನೆ ಸುತ್ತಾಟ. ಒಬ್ಬರು ಗ್ಯಾಸ್ ಎಂದರು, ಇನ್ನೊಬ್ಬರು ಅಸಿಡಿಟಿ ಎಂದರು, ಮತ್ತೊಬ್ಬರು "ಮನಸ್ಸಿಗೆ ಏನಾದ್ರೂ ಚಿಂತೆ ಇದ್ಯಾ?" ಎಂದು ಕೇಳಿದರು. ರಕ್ತ ಚೆನ್ನಾಗಿತ್ತು, ಸ್ಕ್ಯಾನೂ ಚೆನ್ನಾಗಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ನಿಜ. ಆದರೆ ಇದು ಕನ್ನಡಿಗೂ ಕಾಣದ ಹುಣ್ಣು. ಕಾಣದ ಮೇಲೆ ಜನ ಸುಮ್ಮನಿರುತ್ತಾರೆಯೇ? ಸ್ವಂತ ಅಣ್ಣನೇ "ಮೈಗಳ್ಳತನಕ್ಕೆ ಯಾವ ಸ್ಕ್ಯಾನು ಕಣೋ?" ಎಂದುಬಿಟ್ಟ. ಬೆಟ್ಟಣ್ಣ ನಕ್ಕುಬಿಟ್ಟ. ಆ ರಾತ್ರಿ ಊಟ ಸೇರಲಿಲ್ಲ.

ಅವನ ಹೆಂಡತಿ ಬಸ್ ಕಂಡಕ್ಟರ್. ಟಿಕೆಟ್ ತೆಗೆದುಕೊಳ್ಳದವರು ಕಿಟಕಿಯಾಚೆ ನೋಡುವ ನೋಟವನ್ನು ದಿನವೂ ಕಾಣುವವಳು. ಗಂಡ ಹಾಸಿಗೆಯಿಂದ ನೆಟ್ಟಗೆ ಏಳದೆ ಪಕ್ಕಕ್ಕೆ ಹೊರಳಿ ಏಳುವುದನ್ನೂ, ದಾರ ಕಟ್ಟುವ ಬೂಟು ಬಿಟ್ಟು ಚಪ್ಪಲಿ ಹಾಕತೊಡಗಿದ್ದನ್ನೂ ಅವಳು ಗಮನಿಸಿದ್ದಳು.

"ಮುಂದಿನ ಸಲ ಡಾಕ್ಟರ ಹತ್ರ ನಾನೂ ಬರ್ತೀನಿ," ಎಂದಳು.

"ನೀನ್ಯಾಕೆ? ನಾನೇನು ಮಗುನಾ?"

"ಮಗು ಆಗಿದ್ರೆ ಅತ್ತಾದ್ರೂ ಹೇಳ್ತಿತ್ತು."

ಈ ಸಲದ ಡಾಕ್ಟರು ಬಿಳಿಗೂದಲ ಹೆಂಗಸು, ಮಾತು ಕಡಿಮೆ. ಅವರು ಹೊಟ್ಟೆಯ ಮೇಲೆ ಬೆರಳಿಟ್ಟು ಒತ್ತಿದರು. "ನೋವಾಗುತ್ತಾ?"

"ಪರವಾಗಿಲ್ಲ ಡಾಕ್ಟ್ರೇ. ಸ್ವಲ್ಪ ಹಿಡಿದ ಹಾಗೆ, ಅಷ್ಟೇ."

"ರೀ, ಸುಳ್ಳು ಹೇಳ್ಬೇಡಿ," ಎಂದಳು ಹೆಂಡತಿ. "ಡಾಕ್ಟ್ರೇ, ಇವರು ಉಸಿರೇ ಬಿಡ್ತಾ ಇಲ್ಲ. ಹೊಟ್ಟೆ ನೋಡಿ, ಹಲಗೆ ಥರ ಮಾಡ್ಕೊಂಡಿದ್ದಾರೆ."

ಡಾಕ್ಟರು ಕೈ ತೆಗೆದರು. ಹೊಟ್ಟೆ ಸಡಿಲವಾಯಿತು. ಮತ್ತೆ ಬೆರಳು ತಂದರು, ಮುಟ್ಟುವ ಮೊದಲೇ ಅದು ಕಲ್ಲಾಯಿತು. ಭಾರ ಎತ್ತುವವರಿಗೆ ಮೊದಲು ಕಲಿಸುವುದೇ ಇದು: ಭಾರ ಮೈಗೆ ಬರುವ ಮುಂಚೆ ಉಸಿರು ತುಂಬಿ ಹೊಟ್ಟೆ ಬಿಗಿಹಿಡಿ. ಬೆಟ್ಟಣ್ಣನ ಹೊಟ್ಟೆ ಕಲಿತ ಪಾಠ ಮರೆಯದೆ, ತಪಾಸಣೆಗೆ ಬಂದ ಬೆರಳನ್ನೆಲ್ಲ ಬಾಗಿಲಲ್ಲೇ ತಡೆದು ಕಳಿಸಿತ್ತು. ಬಾಯಿ ಕೂಡ ಅದಕ್ಕೆ ತಕ್ಕ ಜೋಡಿ.

"ನೋಡಿ, ಇಲ್ಲಿ ಯಾರೂ ನಿಮಗೆ ಪದಕ ಕೊಡಲ್ಲ. ಉಸಿರು ಬಿಡಿ. ನೋವಾದ್ರೆ ಕಿರುಚಿ," ಎಂದರು ಡಾಕ್ಟರು.

ಮೂರನೆಯ ಪ್ರಯತ್ನಕ್ಕೆ ಅವನು ಉಸಿರು ಬಿಟ್ಟ. ಬೆರಳು ಒಳಗಿಳಿಯಿತು. ಅವನು ಕಿರುಚಿದ ರಭಸಕ್ಕೆ ಹೊರಗೆ ಕೂತಿದ್ದ ರೋಗಿಯೊಬ್ಬ ಎದ್ದು ಮನೆಗೇ ಹೋದನಂತೆ. ಆಮೇಲೆ ಅವನನ್ನು ನಿಲ್ಲಿಸಿ, ಕೆಮ್ಮಿಸಿ, ತಿಣುಕಿಸಿ ಮತ್ತೆ ಸ್ಕ್ಯಾನ್ ಮಾಡಿದರು. ಹೊಟ್ಟೆಯ ಸ್ನಾಯುವಿನ ಒಳಪದರ ಸಣ್ಣಗೆ ಹರಿದಿತ್ತು. ಮಲಗಿದರೆ ಅಂಚುಗಳು ಕೂಡಿಕೊಳ್ಳುತ್ತವೆ, ನಿಂತು ತಿಣುಕಿದರೆ ಬಿಟ್ಟುಕೊಳ್ಳುತ್ತವೆ. ಇಷ್ಟು ದಿನ ಮಲಗಿಸಿಯೇ ನೋಡಿದ್ದರು.

"ಕೆಲವು ತಿಂಗಳು ವ್ಯಾಯಾಮ ಮಾಡಿ ನೋಡೋಣ, ಆಗದಿದ್ರೆ ಹೊಲಿಗೆ. ಅಲ್ಲಿವರೆಗೆ ಭಾರ ಎತ್ತಿದ್ರೆ ಹರಕು ದೊಡ್ಡದಾಗುತ್ತೆ, ಆಮೇಲೆ ನನ್ನ ಕೇಳ್ಬೇಡಿ."

ಹೊರಗೆ ಬಂದ ಮೇಲೆ ಬೆಟ್ಟಣ್ಣ ಮೆಟ್ಟಿಲ ಮೇಲೆ ಕೂತು ಅತ್ತ. ಕಾಯಿಲೆ ಇದೆ ಎಂದು ಸಂತೋಷಕ್ಕೆ ಅತ್ತವನನ್ನು ಹೆಂಡತಿ ಅದೇ ಮೊದಲು ನೋಡಿದ್ದು. "ಹಾಗಾದ್ರೆ ನಂಗೆ ಹುಚ್ಚಿಲ್ಲ ಅಲ್ವಾ?" ಎಂದು ಕೇಳಿದ. ಅವಳು ಅವನ ಕೈ ಹಿಡಿದುಕೊಂಡಳು.

ಮುಂದಿನ ತಿಂಗಳುಗಳಲ್ಲಿ ಅವನು ಮಾಡಿದ್ದನ್ನು ಮೆಚ್ಚದಿರಲು ಸಾಧ್ಯವಿಲ್ಲ. ಬೀರು ಹೊರುತ್ತಿದ್ದ ಆಳು ನೆಲದ ಮೇಲೆ ಮಲಗಿ, ಕೂಸಿನಂತೆ ಒಂದು ಕಾಲನ್ನು ಮೆಲ್ಲಗೆ ಎತ್ತಿ ಇಳಿಸುವುದು, ಹೊಟ್ಟೆ ಬಿಗಿಯದೆ ಉಸಿರಾಡುವುದು ಕಲಿತ. ಕೆಲವು ದಿನ ಗುಣವಾದಂತೆ ಕಾಣುತ್ತಿತ್ತು, ಮರುದಿನ ಒಂದು ಕೆಮ್ಮು ಎಲ್ಲವನ್ನೂ ಮೊದಲಿಗೆ ತಂದು ನಿಲ್ಲಿಸುತ್ತಿತ್ತು. ಅವನು ಬೈದುಕೊಂಡು ಮತ್ತೆ ಮಲಗಿ ಕಾಲೆತ್ತುತ್ತಿದ್ದ. ಹಲಗೆ ಎತ್ತಲು ಸೈಕಲ್ ಅಂಗಡಿಯವನನ್ನು ಕರೆಯಲೂ ಕಲಿತ, ಅದೇ ಅವನಿಗೆ ಎಲ್ಲಕ್ಕಿಂತ ಕಷ್ಟವಾದದ್ದು.

ಭಾರ ಎತ್ತುವ ಪಂದ್ಯದ ಕಾಲ ಹತ್ತಿರವಾದಾಗ ಜಿಮ್ಮಿನ ಮೇಷ್ಟ್ರು ಹೇಳಿ ಕಳಿಸಿದರು. ಅವನು ಹೋದ.

"ನೀನಿಲ್ದೆ ತಂಡ ಗೆಲ್ಲಲ್ಲ ಕಣೋ. ಒಂದೇ ಒಂದು ಸಲ ಎತ್ತು, ಆಮೇಲೆ ಬೇಕಾದ್ರೆ ವರ್ಷ ಮಲಗು," ಎಂದರು ಮೇಷ್ಟ್ರು.

ಮೇಷ್ಟ್ರು ಕೆಟ್ಟವರಲ್ಲ. ಎಷ್ಟೋ ಹುಡುಗರನ್ನು ಕುಡಿತದಿಂದ ಬಿಡಿಸಿದವರು. ಆದರೆ ಅವರ ಜಿಮ್ಮಿನಲ್ಲೊಂದು ನಿಯಮವಿತ್ತು: ನೋವು ಎಂಬ ಮಾತು ಯಾರ ಬಾಯಿಂದ ಬಂದರೂ ಅವನ ಬಾರಿಗೆ ಇನ್ನೊಂದು ಭಾರದ ಬಿಲ್ಲೆ ಏರುತ್ತಿತ್ತು. ಹಾಗಾಗಿ ಅಲ್ಲಿ ಯಾರಿಗೂ ಎಂದೂ ಏನೂ ನೋಯುತ್ತಿರಲಿಲ್ಲ.

"ಆಗಲ್ಲ ಮೇಷ್ಟ್ರೇ. ನಂಗೆ ನೋವಿದೆ."

ಬಾರುಗಳ ಸದ್ದು ನಿಂತಿತು. ಎಲ್ಲರೂ ಇತ್ತ ತಿರುಗಿದರು.

"ಏನಂದೆ?"

"ನೋವಿದೆ ಅಂದೆ. ಒಂದು ವರ್ಷದಿಂದ ಇದೆ. ಬಿಲ್ಲೆ ಏರಿಸಿ ಬೇಕಾದ್ರೆ, ನಾನು ಎತ್ತಲ್ಲ."

"ನೋವು ಅಂತ ಕೂತಿದ್ರೆ ನಾನು ಈ ಜಿಮ್ ಕಟ್ತಿದ್ನಾ? ಹಲ್ಲು ಕಚ್ಚಿ ಬಂದಿದೀನಿ ಇಲ್ಲಿವರೆಗೆ!"

"ನಾನೂ ಹಲ್ಲು ಕಚ್ಚಿದೆ ಮೇಷ್ಟ್ರೇ. ಅದಕ್ಕೇ ಡಾಕ್ಟ್ರಿಗೂ ಗೊತ್ತಾಗ್ಲಿಲ್ಲ."

ಮೇಷ್ಟ್ರು ಬಿಲ್ಲೆಯೊಂದನ್ನು ಎತ್ತಿಕೊಂಡು ಬಂದರು. ಬೆಟ್ಟಣ್ಣ ಕದಲಲಿಲ್ಲ. ಕೈ ಹೊಕ್ಕುಳಿನ ಪಕ್ಕಕ್ಕೆ ಹೋಗಿತ್ತು, ಅದನ್ನೂ ಮರೆಮಾಚಲಿಲ್ಲ. ಮೇಷ್ಟ್ರು ಅವನನ್ನು ನೋಡಿದರು, ಬಿಲ್ಲೆಯನ್ನು ನೋಡಿದರು. ಅದನ್ನು ನೆಲಕ್ಕಿಟ್ಟು, ಬೆಂಚಿನ ಮೇಲೆ ಕೂತರು.

"ಎಲ್ಲಿ?" ಎಂದು ಕೇಳಿದರು.

ಬೆಟ್ಟಣ್ಣ ತೋರಿಸಿದ. ಕೂತರೆ ಹೇಗಾಗುತ್ತದೆ, ಸೀನಿದರೆ ಹೇಗಾಗುತ್ತದೆ, ಎಲ್ಲ ಹೇಳಿದ. ಮೇಷ್ಟ್ರು ತಲೆ ತಗ್ಗಿಸಿ ಕೇಳಿದರು. ಆಮೇಲೆ ತಮ್ಮ ಎಡಮೊಣಕಾಲನ್ನು ಸವರಿಕೊಳ್ಳುತ್ತ, "ನಂದು ಇದು," ಎಂದರು. "ಮೆಟ್ಟಿಲು ಇಳಿಯೋಕಾಗಲ್ಲ. ಮನೇಲೂ ಹೇಳಿಲ್ಲ."

ಯಾರೋ ಒಬ್ಬ ಬಾರನ್ನು ಮೆಲ್ಲಗೆ ಕೆಳಗಿಟ್ಟು ಬೆಂಚಿನ ಹತ್ತಿರ ಬಂದ. ಭುಜ ಹಿಡಿದುಕೊಂಡು ಇನ್ನೊಬ್ಬ ಬಂದ. ಆ ಸಂಜೆ ಅಭ್ಯಾಸ ನಡೆಯಲೇ ಇಲ್ಲ. ಹೇಳಿಕೊಳ್ಳುವುದಕ್ಕೆ ಎಲ್ಲರಿಗೂ ಏನಾದರೊಂದು ಇತ್ತು.